ತಾಟಿನ ಎಡಗಡೆ

ಆ ಭಾನುವಾರವೂ ನಾನು ಎದ್ದು ಮೊದಲು ಮಾಡಿದ ಕೆಲಸ ರೊಟ್ಟಿಗೆ ಎಸರಿಟ್ಟಿದ್ದು. ಎಸರು ಕುದಿಯುವಷ್ಟರಲ್ಲಿ ಅಂಗಳ ಗುಡಿಸಿ, ನೀರು ಹಾಕಿ, ನಾಲ್ಕು ಎಳೆ ರಂಗೋಲಿ ಬಿಟ್ಟೆ. ನಲ್ಲಿ ಬರುವ ದಿನ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಗೇಟು ಹಾಯ್ದು ಒಳಬಂದರೆ ಬಲಕ್ಕೆ ನಲ್ಲಿ, ಎಡಕ್ಕೆ ತಗಡಿನ ಚಪ್ಪರ. ಚಪ್ಪರದ ಕೆಳಗೆ ಯಜಮಾನರ ರೇಸಿನ ಬೈಕು ನಿಲ್ಲುತ್ತಿತ್ತು. ಅಂದು ಆ ಜಾಗ ಖಾಲಿ ಇತ್ತು. ಗಾಡಿಯನ್ನು ಹಿಂದಿನ ದಿನವೇ ಹಡಗಲಿ ಕಡೆಯ ಮೈದಾನದಲ್ಲಿ ಬಿಟ್ಟು ಬಂದಿದ್ದೆವು. ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಉಳಿದಿತ್ತು.

ಪಕ್ಕದ ಮನೆಯ ಶಾಂತಕ್ಕ ತಮ್ಮ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆಂದು ನಮ್ಮ ನಲ್ಲಿಗೇ ಕೊಡ ಹಿಡಿಯುತ್ತಾರೆ. ಅವತ್ತೂ ಬಂದರು.

"ಇವತ್ತೂ ಹೊಂಟ್ರೇನವ್ವ ಸುಮಾ, ಹಡಗಲಿಗೆ?"

"ಹೌದ್ರಿ ಶಾಂತಕ್ಕ. ನಿನ್ನಿದು ಬರೇ ಪ್ರಾಕ್ಟೀಸು. ಇವತ್ತು ರೇಸು."

"ಬರಾಗ ಎರಡು ಮೊಳ ಮಲ್ಲಿಗಿ ತರ್ರಿ. ಕಪ್ಪು ಗೆದ್ರ ಕಪ್ಪಿಗೆ ಹಾಕೂಣು. ಇಲ್ಲಾಂದ್ರ ನಾನ ಮುಡಕೊಂತೀನಿ."

ಶಾಂತಕ್ಕನ ಮಾತಿಗೆ ನಗುತ್ತಲೇ ಒಳಗೆ ಬಂದು ಯಜಮಾನರಿಗೆ ತಾಟು ಹಾಕಿದೆ. ನಡುವೆ ರೊಟ್ಟಿ, ಬಲಕ್ಕೆ ಬದನೆಕಾಯಿ ಪಲ್ಯ, ಎಡ ಅಂಚಿಗೆ ಉಪ್ಪು, ಉಪ್ಪಿನಕಾಯಿ, ಶೇಂಗಾ ಚಟ್ನಿ. ಹಾಕಿ ಅಲ್ಲೇ ಕುಳಿತು ನೋಡಿದೆ. ಎರಡು ರೊಟ್ಟಿ ತಿಂದರು. ಪಲ್ಯ ಮುಗಿಯಿತು. ಎಡ ಅಂಚಿನ ಯಾವುದನ್ನೂ ಮುಟ್ಟಲಿಲ್ಲ. ರೊಟ್ಟಿಯ ಎಡಭಾಗದ ತುಂಡು ಕೂಡ ಹಾಗೇ ಉಳಿದಿತ್ತು. ನಾನು ತಾಟನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದೆ.

"ಈಗ ಹಾಕಿದೇನು ಚಟ್ನಿ?" ಎಂದರು. "ಮೊದಲ ಹಾಕಬಾರ್ದೇನು? ರೊಟ್ಟಿ ಮುಗದ ಮ್ಯಾಲೆ ಹಾಕ್ತಿ."

ನನ್ನ ಬೆರಳು ತಾಟಿನ ಅಂಚಿನ ಮೇಲೇ ಇತ್ತು.

ಇದೆಲ್ಲ ಆಗಿ ಎಷ್ಟೋ ಕಾಲವಾದ ಮೇಲೆ, ಕಳೆದ ತಿಂಗಳು, ಬಂಧುಗಳ ಮನೆಯ ಕಾರ್ಯಕ್ಕೆಂದು ಬಸ್ಸಿನಲ್ಲಿ ಹಿರೇಹಡಗಲಿ ದಾರಿ ಹಿಡಿದಿದ್ದೆ. ಒಂದು ತಿರುವಿನಲ್ಲಿ ಹೂವಿನ ಬುಟ್ಟಿಯ ಹೆಂಗಸೊಬ್ಬಳು ಹತ್ತಿದಳು. ಒದ್ದೆ ಬಟ್ಟೆ ಮುಚ್ಚಿದ ಮಲ್ಲಿಗೆಯ ವಾಸನೆಯೂ ಬಸ್ಸಿನ ಡೀಸೆಲ್ ವಾಸನೆಯೂ ಒಂದರೊಳಗೊಂದು ಸೇರಿದವು. ಕಿಟಕಿಯಾಚೆ ಆ ಭಾನುವಾರ ರೇಸು ನಡೆದ ಅದೇ ಹೊಲ. ಈಗ ಅಲ್ಲಿ ಸೂರ್ಯಕಾಂತಿ ಹಾಕಿದ್ದಾರೆ. ಬದುವಿನ ಮೇಲೆ ಅರ್ಧ ಹೂತ ಟೈರುಗಳು ಇನ್ನೂ ಇವೆ, ಬಳಿದ ಕೆಂಪು ಬಿಳಿ ಬಣ್ಣ ಬಿಸಿಲಿಗೆ ಮಾಸಿದೆ. ನನ್ನ ಕೈ ತಾನಾಗಿ ಪಕ್ಕದ ಸೀಟಿಗೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ, ನನ್ನ ಚೀಲವಿತ್ತು. ಇದನ್ನೆಲ್ಲ ಬರೆಯಬೇಕೆನಿಸಿದ್ದು ಆಗ.

ನಾನು ಹೊಸಪೇಟೆಯ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು ಓದಿದವಳು. ಅಲ್ಲಿ ಗುಳಿಗುಳಿಯ ಸ್ಟೀಲಿನ ತಟ್ಟೆ. ಯಾವ ಗುಳಿಗೆ ಏನು ಬಿತ್ತೋ ಅದೇ ಕ್ರಮ. ಮದುವೆಯಾಗಿ ಬಂದ ಹೊಸದರಲ್ಲಿ ಚಟ್ನಿಯನ್ನು ಬಲಕ್ಕೆ ಹಾಕಿದ್ದಕ್ಕೆ ಅತ್ತೆ ತಾಟನ್ನೇ ಎತ್ತಿ ಬೇರೆ ತಾಟು ತರಿಸಿದ್ದರು. ಬೈಯಲಿಲ್ಲ. "ಕೈಗೆ ರೂಢಿ ಆಗಬೇಕವ್ವ, ಕತ್ತಲ್ಯಾಗ ಉಣ್ಣಾಕ ಕುಂತ್ರೂ ಯಾವುದು ಎಲ್ಲೈತಿ ಅಂತ ಕೈಗೆ ಗೊತ್ತಿರಬೇಕು" ಎಂದರು. ಅವರು ತೀರಿಕೊಂಡ ಮೇಲೂ ನಾನು ಆ ಕ್ರಮ ಬಿಟ್ಟಿರಲಿಲ್ಲ. ಈಗ ನಮ್ಮ ಮನೆಯಲ್ಲಿ ಬಡಿಸುವ ಕ್ರಮವೇ ಬೇರೆಯಾಗಿದೆ. ಅದಿರಲಿ.

ಯಜಮಾನರ ಹೆಸರು ಮಲ್ಲಿಕಾರ್ಜುನ. ಸ್ಟೇಷನ್ ರಸ್ತೆಯಲ್ಲಿ ಪೈಪು, ಪಂಪುಸೆಟ್ಟಿನ ಸಾಮಾನಿನ ಅಂಗಡಿ. ವಾರವೆಲ್ಲ ರೈತರೊಂದಿಗೆ ವಾಲ್ವು, ವಾಷರುಗಳ ಮಾತು. ರಜೆ ಸಿಕ್ಕಿತೆಂದರೆ ಕಾನಹೊಸಹಳ್ಳಿಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಗೆಳೆಯ ಖಾದರ್ ತನ್ನ ಪಿಕಪ್ ಗಾಡಿ ತರುತ್ತಿದ್ದ. ಅದರ ಹಿಂಬದಿಗೆ ರೇಸಿನ ಗಾಡಿ ಏರಿಸಿ ಕಟ್ಟಿಕೊಂಡು ಇಬ್ಬರೂ ಕೂಡ್ಲಿಗಿಯ ಮೈದಾನಕ್ಕೆ ಹೋಗುತ್ತಿದ್ದರು. ಯಾರೂ ದೊಡ್ಡ ರೇಸುಗಾರರಲ್ಲ. ಕೊಟ್ಟೂರಿನ ಕಿರಾಣಿ ಅಂಗಡಿಯವರು, ಹರಪನಹಳ್ಳಿಯ ಶಾಲೆ ಮಾಸ್ತರರು, ಇಂಥವರೇ. ಮೊಣಕಾಲಿಗೆ ಕಟ್ಟುವ ಪಟ್ಟಿ ಹರಿದರೆ ಹೊಲಿಯುವವಳು ನಾನು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಕಸೂತಿ ಕೊನೆಗೆ ಉಪಯೋಗಕ್ಕೆ ಬಂದದ್ದು ಅಲ್ಲಿ. ಹೆಲ್ಮೆಟ್ಟು ತೊಟ್ಟಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಅಂಗಡಿಯ ಗಲ್ಲಾದ ಹಿಂದೆ ಕಾಣದ ಬೆನ್ನು ಅದು. ನನಗೆ ಅದನ್ನು ನೋಡುವುದು ಇಷ್ಟವಿತ್ತು. ಅದಕ್ಕೇ ಬೇಡವೆಂದಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಕೂಡ್ಲಿಗಿಯಲ್ಲಿ ಬಿದ್ದರು. ಹೆಲ್ಮೆಟ್ಟು ಒಂದು ಕಡೆ ಬಿರುಕು ಬಿಟ್ಟಿತು, ಮೈಗೆ ತರಚಿದ ಗಾಯ ಬಿಟ್ಟರೆ ಏನೂ ಆಗಲಿಲ್ಲ. ಎದ್ದು ನಕ್ಕರು. ಆಸ್ಪತ್ರೆ ಅಂದರೆ "ಹೆಲ್ಮೆಟ್ ಆಸ್ಪತ್ರಿಗೆ ಹೋಗ್ಲಿ" ಅಂದರು. ಆಮೇಲೆ ಆಗಾಗ ತಲೆನೋವು. ಶಿವರಾತ್ರಿಯ ಮಾರನೆಯ ದಿನ ಮೊದಲ ಸಲ ಕೇಳಿದರು, "ಶೇಂಗಾ ಚಟ್ನಿ ಮಾಡಿಲ್ಲೇನು?" ತಾಟಿನಲ್ಲೇ ಇತ್ತು. ಚೇಷ್ಟೆ ಎಂದುಕೊಂಡೆ. ಮರುದಿನವೂ ಉಳಿಯಿತು. ಬೆಳ್ಳುಳ್ಳಿ ಜಾಸ್ತಿಯಾಯಿತೇನೋ ಎಂದು ಕಡಿಮೆ ಮಾಡಿದೆ. ಉಪ್ಪಿನಕಾಯಿ ಕೆಟ್ಟಿತೇನೋ ಎಂದು ಹೊಸ ಭರಣಿ ತೆಗೆದೆ. ಅಡುಗೆ ಮನೆಯಲ್ಲೇ ತಪ್ಪು ಹುಡುಕುತ್ತ ಎರಡು ವಾರ ಕಳೆದೆ. ಆಮೇಲೆ ಒಂದೊಂದೇ ಕಾಣತೊಡಗಿತು. ಎಡಗಾಲಿನ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಅಂಗಡಿಗೆ ಹೊರಟದ್ದು. ಎಡ ಕೆನ್ನೆಯ ಮೇಲೆ ಉಳಿದ ಗಡ್ಡ. ಎಡಭುಜಕ್ಕೆ ಬಾಗಿಲ ಚೌಕಟ್ಟು ತಾಗಿ ಆದ ಹಸಿರು ಕಲೆ. ಕೇಳಿದರೆ "ಎಲ್ಲಿ ಹತ್ತಿತೋ" ಅನ್ನುವರು.

ಇಷ್ಟಾದರೂ ಕೂಡ್ಲಿಗಿಯಲ್ಲಿ ಗಾಡಿ ಓಡಿಸಿ ಬರುತ್ತಿದ್ದರು. ಅಲ್ಲಿಯ ಕೆಂಪು ಮಸಾರಿ ನೆಲದ ಹಳ್ಳದಿಣ್ಣೆ ಅವರಿಗೆ ಬಾಯಿಪಾಠ, ಸುತ್ತೆಲ್ಲ ಬಲಕ್ಕೇ ತಿರುಗುವುದು. ಹಡಗಲಿ ಕಡೆ ಕಡಲೆ ಕಿತ್ತ ಕಪ್ಪು ಎರೆಹೊಲದಲ್ಲಿ ಹೊಸ ಟ್ರ್ಯಾಕು ಮಾಡಿದ್ದಾರಂತೆ, ಶನಿವಾರ ಪ್ರಾಕ್ಟೀಸು, ಭಾನುವಾರ ರೇಸು ಎಂದು ಅವರು ಹೇಳಿದಾಗ ನಾನೂ ಬರುತ್ತೇನೆ ಎಂದೆ. ಎಂದೂ ಹಾಗೆ ಅಂದವಳಲ್ಲ.

ಶನಿವಾರ ಮಧ್ಯಾಹ್ನ ಅಲ್ಲಿ ಗಾಳಿ ಇರಲಿಲ್ಲ. ಟ್ರ್ಯಾಕ್ಟರಿನಿಂದ ಮಣ್ಣು ಒತ್ತಿ, ನೀರು ಹೊಡೆದು, ತಿರುವುಗಳಲ್ಲಿ ಟೈರು ಹೂತಿದ್ದರು. ಟ್ರ್ಯಾಕಿನ ಹೊರಗಿನ ಎರೆ ಬಾಯಿಬಿಟ್ಟಿತ್ತು, ಒಂದೊಂದು ಬಿರುಕಿನಲ್ಲಿ ನನ್ನ ಅಂಗೈ ನಿಲ್ಲುವಷ್ಟು. ಬೇವಿನ ನೆರಳಲ್ಲಿ ಒಂದು ಆಂಬುಲೆನ್ಸು. ಹಿಂದಿನ ಬಾಗಿಲು ನಿಲ್ಲುವುದಿಲ್ಲವೆಂದು ಹಗ್ಗದಿಂದ ಕಟ್ಟಿದ್ದರು. ಡ್ರೈವರು ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ್ದ. ಹೆಂಗಸರೆಂದರೆ ನಾನೊಬ್ಬಳೇ. ಪಿಕಪ್ಪಿನ ನೆರಳಲ್ಲಿ ಕೂತು ಮೊದಲು ನೋಡಿದ್ದು ಗಾಡಿಗಳು ತಿರುಗುವ ದಿಕ್ಕು. ಇಲ್ಲಿ ಎಲ್ಲ ತಿರುವೂ ಎಡಕ್ಕೆ.

ಯಜಮಾನರು ಮೊದಲ ಸುತ್ತಿನಲ್ಲಿ ಒಂದು ಟೈರಿಗೆ ತಾಗಿಸಿದರು. ಎರಡನೆಯದರಲ್ಲಿ ಮತ್ತೊಂದಕ್ಕೆ. ತಿರುವು ಬಂದಾಗಲೆಲ್ಲ ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ಹೊರಳಿಸುತ್ತಿದ್ದರು.

"ನೋಡ್ರಿ ಅಕ್ಕಾ, ಅಣ್ಣ ಹೆಂಗ ತಿರುವು ನೋಡಿ ಹೊಡಿತಾನ. ಕಲಿತೋರ್ಗೂ ಬರಂಗಿಲ್ಲ ಅದು," ಎಂದ ಖಾದರ್.

"ಟೈರಿಗೆ ಹತ್ತಿಸಿದ್ರಲ್ಲೋ."

"ಹೊಸಾ ಟ್ರ್ಯಾಕ್ ಅಲ್ಲೇನ್ರಿ. ಎರಿ ಮಣ್ಣು, ಹಿಡೀತೈತಿ. ನಾಳಿ ಸೆಟ್ ಆಕ್ಕೈತಿ ಬಿಡ್ರಿ."

ಎರೆ ಮಣ್ಣು ಹಿಡಿಯುವುದು ನಿಜ. ನನ್ನ ಚಪ್ಪಲಿಯೂ ಭಾರವಾಗಿತ್ತು. ಆದರೆ ಮಣ್ಣು ಎರಡೂ ಕಡೆ ಹಿಡಿಯುತ್ತದೆ. ಬಲಗಡೆಯ ಒಂದು ಟೈರೂ ಅಲುಗಿರಲಿಲ್ಲ.

ಹೀಗೆ ಭಾನುವಾರ ಬೆಳಿಗ್ಗೆ ತಾಟು ತಿರುಗಿಸಿದ್ದು. ಕೈ ತೊಳೆದು ಬಂದ ಮೇಲೆ ಹೇಳಿದೆ.

"ರೀ, ಇವತ್ತು ಬ್ಯಾಡ. ನಿಮಗ ಎಡಗಡಿ ಕಾಣವಲ್ದು."

ನಕ್ಕರು. ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. "ಎಡಗಣ್ಣಿಂದ ಓದ್ಲೇನು? ಕೇಳು. ಜವಳಿ ಅಂಗಡಿ. ಆತಲ್ಲ?"

ಅಂಗಡಿಯವರ ಹೆಸರು ಆ ಎರಡು ಪದಗಳಿಗಿಂತ ಮುಂಚೆ, ಎಡಕ್ಕೆ, ದಪ್ಪ ಅಕ್ಷರದಲ್ಲಿತ್ತು. ಅದನ್ನು ಅವರು ಓದಲಿಲ್ಲ. ಎಡಗಣ್ಣು ಕಾಣುತ್ತಿತ್ತು. ಕಾಣದೆ ಹೋದದ್ದು ಎಡಗಡೆ. ಎರಡೂ ಕಣ್ಣಿಗೆ. ನಾನು ಆ ಹೆಸರಿನ ಕಡೆ ಬೆರಳು ಮಾಡುವಷ್ಟರಲ್ಲಿ ಅವರು ಕ್ಯಾಲೆಂಡರಿಗೆ ಬೆನ್ನು ಮಾಡಿದ್ದರು.

"ಹೆದರಪುಕ್ಕಿ ಅದಿ ನೋಡು," ಎಂದು ತಲೆಯ ಮೇಲೆ ಕೈಯಿಟ್ಟರು. "ಇದೊಂದು ಮುಗೀಲಿ. ಆಮ್ಯಾಲೆ ಯಾವ ಡಾಕ್ಟರ್ ಅಂತೀ, ಅಲ್ಲಿಗೆ ಬರ್ತೀನಿ."

ಹೊರಗೆ ಖಾದರನ ಪಿಕಪ್ಪು ಹಾರನ್ ಹೊಡೆಯಿತು.

ಮೊದಲ ಸುತ್ತಿನ ರೇಸು ಹೊತ್ತೇರುವ ಮುಂಚೆ ನಡೆಯಿತು. ಬಾವುಟ ಇಳಿಸುವವರು ಈರಣ್ಣ ಎಂಬ ಹಿರಿಯರು, ಸರ್ಕಾರಿ ಬಸ್ಸಿನ ಡ್ರೈವರಾಗಿದ್ದು ನಿವೃತ್ತರಾದವರು. ಬಾವುಟ ಇಳಿದದ್ದೇ ಮೈದಾನವೆಲ್ಲ ಕರಿ ಧೂಳು. ನನಗೆ ಅವರ ಅಂಗಿಯ ಹಳದಿ ಬಣ್ಣ ಮಾತ್ರ ಆಗಾಗ ಕಾಣುತ್ತಿತ್ತು. ಮುಂದೆಯೇ ಇದ್ದರು. ಮೂರನೆಯವರೋ ನಾಲ್ಕನೆಯವರೋ. ಕೊನೆಯ ಸುತ್ತಿನ ದೂರದ ತಿರುವಿನಲ್ಲಿ ಕೊಟ್ಟೂರಿನವನೊಬ್ಬ ಎಡಗಡೆಯಿಂದ ನುಗ್ಗಿ ಬಂದ. ಅವನು ಬರುವುದು ಇಷ್ಟು ದೂರದಿಂದ ನನಗೆ ಕಂಡಿತು. ಯಜಮಾನರು ಜಾಗ ಬಿಡಲಿಲ್ಲ. ಖಾಲಿ ರಸ್ತೆಯಲ್ಲಿ ಹೋಗುವವರ ಹಾಗೆ ನಿರಾತಂಕವಾಗಿ ಎಡಕ್ಕೆ, ಅವನ ಮೇಲೆಯೇ, ವಾಲಿದರು.

ಅವನ ಗಾಡಿ ಟೈರುಗಳನ್ನು ಹಾರಿ ಬದುವಿಗೆ ಬಿತ್ತು. ಯಜಮಾನರು ಹಿಂದೆ ತಿರುಗಿಯೂ ನೋಡದೆ ಗುರಿ ಮುಟ್ಟಿ, ಮೂರನೆಯವರಾಗಿ, ಕೈ ಎತ್ತಿದರು. ಆಂಬುಲೆನ್ಸಿನ ಹಗ್ಗ ಬಿಚ್ಚುತ್ತಿದ್ದರು. ಕೊಟ್ಟೂರಿನವ ತಾನೇ ಎದ್ದ. ಕುಂಟುತ್ತ, ಒಂದು ಕೈ ಇನ್ನೊಂದರಿಂದ ಹಿಡಿದುಕೊಂಡು ನೇರ ನಮ್ಮ ಪಿಕಪ್ಪಿನ ಹತ್ತಿರ ಬಂದ.

"ಏನ್ರಿ ಅಣ್ಣಾರ, ಮೈಮ್ಯಾಲೆ ಬರ್ತೀರಲ್ರಿ. ಕಣ್ಣು ಕಾಣಂಗಿಲ್ಲೇನ್ರಿ ನಿಮಗ?"

"ನಾನೇನ್ ಮಾಡಿದ್ನೋ ತಮ್ಮ?" ಎಂದರು ಯಜಮಾನರು. ಅವರ ದನಿಯಲ್ಲಿ ಸುಳ್ಳಿರಲಿಲ್ಲ. ಅವನು ಬಿದ್ದದ್ದು ಇವರಿಗೆ ಗೊತ್ತೇ ಇರಲಿಲ್ಲ.

"ಫೈನಲ್‌ಗೆ ಬಂದೀವಿ ಅಕ್ಕಾ," ಎನ್ನುತ್ತ ಖಾದರ್ ಚೈನಿಗೆ ಎಣ್ಣೆ ಬಿಡುತ್ತಿದ್ದ.

ನಾನು ಸೆರಗು ತಲೆಗೆ ಎಳೆದುಕೊಂಡು ರೇಸು ನಡೆಸುವವರು ಹಾಕಿದ್ದ ಶಾಮಿಯಾನದ ಕಡೆ ನಡೆದೆ. ಅಷ್ಟು ಗಂಡಸರ ನಡುವೆ ಒಬ್ಬಳೇ ಹಾಯ್ದುಹೋದದ್ದು ಅದೇ ಮೊದಲು. ಈರಣ್ಣನವರು ಒಂದು ಬುಟ್ಟಿಯಲ್ಲಿ ನಿಂಬೆಹಣ್ಣು ಒರೆಸಿಡುತ್ತಿದ್ದರು. ಫೈನಲ್ಲಿಗೆ ಮುಂಚೆ ಒಬ್ಬೊಬ್ಬರಿಗೂ ಒಂದೊಂದು ಹಣ್ಣು ಕೊಡುವುದು, ಅವರು ಅದನ್ನು ಮುಂದಿನ ಗಾಲಿಯ ಕೆಳಗಿಟ್ಟು ತುಳಿಸಿ ಹೊರಡುವುದು ಅಲ್ಲಿಯ ಪದ್ಧತಿ.

"ಅಣ್ಣಾರ, ನಮ್ಮವರನ್ನ ಫೈನಲ್‌ಗೆ ಬಿಡಬ್ಯಾಡ್ರಿ. ಅವರಿಗೆ ಎಡಗಡಿ ಕಾಣವಲ್ದು."

"ಅವರು ಹೇಳಿಲ್ಲಲ್ಲವ್ವ?"

"ಅವರಿಗೆ ಗೊತ್ತಿಲ್ರಿ."

"ಅವರಿಗ ಗೊತ್ತಿಲ್ಲಂದ್ರ ನಿಮಗ ಹೆಂಗ ಗೊತ್ತಾತು?"

"ಬಡಿಸೋ ತಾಟಿನ್ಯಾಗ ಗೊತ್ತಾತ್ರಿ."

ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಒಂದು ಹಣ್ಣನ್ನು ಬಹಳ ಹೊತ್ತು ಒರೆಸಿದರು. "ಬಸ್ ಹೊಡಿಯೋ ನಮಗ ಕಣ್ಣು ನೋಡಿ ಬಿಡತಿದ್ರು. ಇಲ್ಲಿ ಹೆಸರು ಬರಸಿದ್ರ ಸಾಕು, ಬಿಟ್ಟಬಿಡ್ತೀವಿ," ಎಂದರು. ಹಣ್ಣನ್ನು ಬುಟ್ಟಿಗೆ ಹಾಕಿ, "ನೀವು ಬಂದಿದ್ದು ನಾ ಹೇಳಂಗಿಲ್ಲ. ಹೋಗ್ರಿ."

ಗಾಡಿಗಳು ಸಾಲಿಗೆ ನಿಂತವು. ಈರಣ್ಣನವರು ಒಂದು ತುದಿಯಿಂದ ಹಣ್ಣು ಕೊಡುತ್ತ ಬಂದರು. ಎಲ್ಲರಿಗೂ ಎದುರು ನಿಂತು ಕೊಟ್ಟರು. ಯಜಮಾನರ ಹತ್ತಿರ ಬಂದಾಗ ಮಾತ್ರ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಎಡಗಡೆ ನಿಂತು, ಹಣ್ಣನ್ನು ಭುಜದ ಹತ್ತಿರ ಹಿಡಿದರು. ಮಾತಾಡಲಿಲ್ಲ.

ಯಜಮಾನರು ನೇರ ಮುಂದೆ ನೋಡುತ್ತ, ಬಲಗೈ ಚಾಚಿ ಕಾದರು.

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಹಣ್ಣು ಯಜಮಾನರ ಮುಖದಿಂದ ಒಂದು ಗೇಣು ದೂರದಲ್ಲಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ಇಂಜಿನ್ನುಗಳು ಒಂದೊಂದಾಗಿ ಬಂದಾದವು.

"ಎಲ್ಲಿ ಹೋದ್ರಿ ಈರಣ್ಣಾರ? ನಂದು ಹಣ್ಣು ಕೊಡ್ರಿ," ಎಂದರು ಯಜಮಾನರು, ಎದುರಿಗಿದ್ದ ಬಯಲಿಗೆ.

ಈರಣ್ಣನವರು ಹಣ್ಣನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. "ಇಲ್ಲೇ ಅದೀನಪ್ಪ, ನಿನ್ನ ಎಡಕ್ಕ," ಎಂದರು. "ಆಗಿಂದ ಇಲ್ಲೇ ನಿಂತೀನಿ. ಗಾಡಿ ಬಂದ್ ಮಾಡು. ಇಳಿ."

ಯಜಮಾನರು ಕುತ್ತಿಗೆ ಹೊರಳಿಸಿ ಅವರನ್ನು ಕಂಡರು. ಆಮೇಲೆ ಸಾಲಿನಲ್ಲಿದ್ದ ಎಲ್ಲರ ಮುಖ ಕಂಡರು. ಯಾರೂ ನಗುತ್ತಿರಲಿಲ್ಲ. ಕೊಟ್ಟೂರಿನವನು ಕೈಗೆ ಬಟ್ಟೆ ಕಟ್ಟಿಸಿಕೊಂಡು ಹಗ್ಗದಾಚೆ ನಿಂತಿದ್ದ. ಅವನು ತಲೆ ತಗ್ಗಿಸಿದ.

ಹೆಲ್ಮೆಟ್ಟು ತೆಗೆದು ಬಂದವರು ನನ್ನ ಬಲಕ್ಕೆ ಕೂತು, "ನೀರು ಕೊಡು," ಎಂದರು. ಕೊಟ್ಟೆ. ಕುಡಿಯಲಿಲ್ಲ. ಬಾಟಲಿಯನ್ನು ಎದುರಿಗೆ ಹಿಡಿದು ಮೆಲ್ಲಗೆ ಎಡಕ್ಕೆ ಸರಿಸಿದರು. ಒಂದು ಜಾಗದಲ್ಲಿ ಕೈ ನಿಂತಿತು. ಮತ್ತೆ ಬಲಕ್ಕೆ ತಂದರು, ಮತ್ತೆ ಎಡಕ್ಕೆ. ಅದೇ ಜಾಗ. ಮಕ್ಕಳಾಟ ನೋಡಿದ ಹಾಗೆ ನಾನು ನೋಡುತ್ತ ಕೂತೆ. ಅತ್ತ ಫೈನಲ್ಲಿನ ಬಾವುಟ ಇಳಿಯಿತು.

"ಅಲ್ಲಿಂದಾಚಿಗೆ ಬಾಟ್ಲಿ ಇಲ್ಲ ಸುಮಾ," ಎಂದರು. "ನನ್ನ ಕೈನೂ ಇಲ್ಲ."

ಮರಳುವಾಗ ಖಾದರ್ ಗಾಡಿ ಓಡಿಸುತ್ತಿದ್ದ, ನಡುವೆ ನಾನು, ಎಡಕ್ಕೆ ಕಿಟಕಿಯ ಹತ್ತಿರ ಅವರು. ಕಿಟಕಿಯಾಚೆ ಏನು ಹೋಗುತ್ತಿತ್ತೋ ಅದು ಅವರಿಗಲ್ಲ. ಬೆನ್ನ ಹಿಂದೆ ಇಳಿಯುವ ಬಿಸಿಲು.

"ನಾಳಿ ಮುಂಜಾನಿ ನಾನ ಬರ್ತೀನಿ. ದಾವಣಗೆರಿ ಆಸ್ಪತ್ರಿಗೆ ಹೋಗೂಣು," ಎಂದ ಖಾದರ್.

"ನಾಳಿ ಅಂಗಡಿ ಐತಲ್ಲೋ."

"ಅಂಗಡಿ ಎಲ್ಲಿ ಓಡಿ ಹೋಗತೈತಣ್ಣ. ಅದಕ್ಕೇನ್ ಗಾಲಿ ಅದಾವೇನು?"

ಯಜಮಾನರು ಸಣ್ಣಗೆ ನಕ್ಕರು. ಹಡಗಲಿ ಊರೊಳಗೆ ಬಂದಾಗ ಅವರೇ ನಿಲ್ಲಿಸಲು ಹೇಳಿದರು. "ಶಾಂತಕ್ಕ ಹೂವ ಹೇಳಿದ್ರಲ್ಲ." ಮೊಗ್ಗು ಬಿರಿಯುವ ಹೊತ್ತು. ಬಾಳೆ ಎಲೆಯಲ್ಲಿ ಕಟ್ಟಿದ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡರು. ಹಿಂದಿನಿಂದ ಪೆಟ್ರೋಲಿನ ವಾಸನೆ, ಇಲ್ಲಿ ಮಲ್ಲಿಗೆ. ನಾನು ಆ ದಾರಿಯುದ್ದಕ್ಕೂ ಮನೆಯನ್ನು ಜೋಡಿಸುತ್ತ ಬಂದೆ. ಚಟ್ನಿಯನ್ನು ಬಲಕ್ಕೆ ಹಾಕುತ್ತೇನೆ, ಅತ್ತೆ ಏನೂ ಅಂದುಕೊಳ್ಳಲಿಕ್ಕಿಲ್ಲ. ಅಂಗಡಿಯಲ್ಲಿ ಗಲ್ಲಾವನ್ನು ಎಡಗೋಡೆಗೆ ಒತ್ತಿ ಇಡಿಸಿದರೆ ಬರುವವರೆಲ್ಲ ಬಲಕ್ಕೇ ನಿಲ್ಲುತ್ತಾರೆ. ರಸ್ತೆಯಲ್ಲಿ ಎಡಕ್ಕೆ ನಾನು ನಡೆಯುತ್ತೇನೆ. ಅರ್ಧ ಉಳಿದಿದೆ. ಅರ್ಧ ಲೋಕವೆಂದರೆ ಇಬ್ಬರಿಗೆ ಸಾಕು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಖಾದರ್ ಗಾಡಿಯ ಹಗ್ಗ ಬಿಚ್ಚುತ್ತಿದ್ದ. ಯಜಮಾನರು ಹೂವಿನ ಪೊಟ್ಟಣ ಹಿಡಿದು ಗೇಟು ದಾಟಿ ಒಳಗೆ ಹೋದರು. ನಾನು ನೀರಿನ ಬಾಟಲಿ, ಬುತ್ತಿಯ ಡಬ್ಬಿ ಎಲ್ಲ ಎತ್ತಿಕೊಂಡು ಹಿಂದೆ ಬಂದೆ. ಶಾಂತಕ್ಕ ನಮ್ಮ ಅಂಗಳದಲ್ಲಿದ್ದರು, ಸಂಜೆಯ ನೀರಿಗೆ ಬಂದಿದ್ದರು.

"ಸಿಟ್ಟಿನ್ಯಾಗ ಅದಾರೇನವ್ವ ನಿಮ್ಮ ಯಜಮಾನ್ರು?" ಎಂದರು. "ಹೂವ ಇಸಗೊಳ್ಳಾಕ ಕೈ ಚಾಚಿದ್ರ ಹಂಗ ಹಾದು ಹೋದ್ರಲ್ಲ."

"ಸಿಟ್ಟಲ್ರಿ ಶಾಂತಕ್ಕ. ನೀವು ಎಡಗಡಿ ನಿಂತಿದ್ರೇನೋ, ಚಪ್ಪರದ ಕಡಿ. ಅವರಿಗೆ ಆ ಕಡಿ ಒಂಚೂರು..."

"ಎಡಗಡಿ ಎಲ್ಲೈತವ್ವ, ಇಲ್ಲೇ ಬಲಕ್ಕ, ನಲ್ಲಿ ಮುಂದ ನಿಂತೀನಿ," ಎಂದು ತುಂಬಿದ ಕೊಡ ಸೊಂಟಕ್ಕೆತ್ತಿಕೊಂಡರು. "ಇರ್ಲಿ ಬಿಡು, ಸೋತು ಬಂದ ಗಂಡಸರಿಗೆ ಮಂದಿ ಎಲ್ಲಿ ಕಾಣ್ತಾರ."